ಎಳ್ಳುಬೆಲ್ಲ ಬಿಡಿಸಿದ ಯಂತ್ರ

"ವನೂ, ನಿನ್ನ ಹೆಸರು ಪೇಪರಲ್ಲಿ ಬಂದ ಹಾಗೇ ಅಂದ್ಕೋ!"

ಸಂಕ್ರಾಂತಿಯ ಹಿಂದಿನ ದಿನ ಬೆಳಿಗ್ಗೆ ನಮ್ಮೆಜಮಾನರು ಹೀಗೆಂದು ಮೇಜಿನ ಮೇಲಿನ ಬಟ್ಟೆ ಎಳೆದರು. ಅಡಿಯಲ್ಲಿದ್ದ ಯಂತ್ರ ನೋಡಿದಾಗ ನನಗೆ ಮೊದಲು ತಿಳಿದದ್ದು ನನ್ನ ಮಿಕ್ಸಿ ಎಲ್ಲಿ ಹೋಯಿತು ಎಂಬುದು. ಅದಕ್ಕೆ ಸೈಕಲ್ಲಿನ ಡೈನಮೋ, ಯಾರದೋ ರೇಡಿಯೋದ ಹೊಟ್ಟೆ, ಮುಂದುಗಡೆ ಒಂದು ಟಾರ್ಚು. ಮಂಡ್ಯದಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟ ಇವರಿಗೆ ಈಗ ಗಿರಾಕಿಗಳಿಲ್ಲ. ಸುಮ್ಮನೆ ಕೂರಲು ಬಾರದು. ಹಾಗಾಗಿ ಸಂಶೋಧನೆ!

"ಇದು ಗೋಜಲುಭಂಜಕ. ಕಲಸಿಹೋದದ್ದನ್ನೆಲ್ಲ ಅದರದರ ಜಾಗಕ್ಕೆ ಕಳಿಸುತ್ತೆ!"

ವಿಷಯ ಇಷ್ಟೆ. ನಮ್ಮೂರಿನ ಪೇಪರಿನಲ್ಲಿ ದಿನಾ 'ಅಕ್ಷರ ಗೋಜಲು' ಬರುತ್ತದೆ. ಒಂದು ತಮಾಷೆ ಪ್ರಶ್ನೆ, ಅದರ ಕೆಳಗೆ ಕಲಸಿಟ್ಟ ಅಕ್ಷರಗಳು. ಸರಿಯಾಗಿ ಜೋಡಿಸಿದರೆ ಉತ್ತರ. ಮೊದಲು ಫೋನ್ ಮಾಡಿ ಹೇಳಿದವರ ಹೆಸರು ಮರುದಿನ ಅಚ್ಚಾಗುತ್ತದೆ. ಅಚ್ಚಾಗುವುದು ಮಾತ್ರ ಯಾವಾಗಲೂ ಎದುರುಮನೆ ಕುಮುದಾಕ್ಷಿಯದು! ನಾನು ಕನ್ನಡಕ ಹುಡುಕುವಷ್ಟರಲ್ಲಿ ಅವಳು ಫೋನ್ ಮಾಡಿ ಮುಗಿಸಿ, ಗೇಟಿನ ಹತ್ತಿರ ನಿಂತು, "ಇವತ್ತಿಂದು ಬಲು ಸುಲಭ, ಅಲ್ವೇನ್ರೀ?" ಎನ್ನುತ್ತಾಳೆ. ಒಂದೇ ಒಂದು ಸಲ ನನ್ನ ಹೆಸರು ಬಂದು, ಅದನ್ನು ಅವಳು ಓದಬೇಕು. ನನಗೆ ಇನ್ನೇನೂ ಬೇಡ.

ಅವತ್ತಿನ ಪ್ರಶ್ನೆ: ಗಡಿಯಾರ ರಿಪೇರಿಯವನಿಗೆ ಯಾಕೆ ಮದುವೆಯಾಗಲಿಲ್ಲ? ಅಕ್ಷರಗಳು: ಲ್ಲ, ಡಿ, ಕಾ, ರ, ಬ, ಕೂ, ಲ, ಲಿ.

ಇವರು ಟಾರ್ಚು ಬಿಟ್ಟರು. ಪೇಪರಿನ ಮೇಲಿನ ಮಸಿ ಇರುವೆಗಳ ಹಾಗೆ ಗುಳುಗುಳು ಹರಿದಾಡಿ ಸಾಲಾಗಿ ನಿಂತಿತು. 'ಕಾಲ ಕೂಡಿ ಬರಲಿಲ್ಲ'!

"ಅಯ್ಯೋ ರೀ! ನೀವು ನಿಜವಾಗ್ಲೂ ಬುದ್ಧಿವಂತರು ಕಣ್ರೀ!" ಎಂದು ಫೋನಿಗೆ ಓಡಿದೆ. ಅಷ್ಟರಲ್ಲಿ ಗೇಟಿನ ಹತ್ತಿರದಿಂದ ದನಿ ಬಂತು.

"ಇವತ್ತಿಂದು ಬಲು ಸುಲಭ, ಅಲ್ವೇನ್ರೀ?"

"ಪವರ್ ಸಾಲ್ದು," ಎಂದರು ಇವರು, ಮುಖ ಗಂಟಿಕ್ಕಿಕೊಂಡು.

ಹಬ್ಬದ ದಿನ ಪವರ್ ಎಷ್ಟು ಏರಿಸಿದ್ದರೋ ದೇವರೇ ಬಲ್ಲ, ಬೀದಿಯ ದೀಪಗಳೆಲ್ಲ ಮಂಕಾದವು. ಪೇಪರು ತಡವಾಗಿ ಬಂತು. ಅಷ್ಟು ಹೊತ್ತಿಗೆ ಕುಮುದಾಕ್ಷಿಯಾದಿಯಾಗಿ ಬೀದಿಯ ಹೆಂಗಸರೆಲ್ಲ ಎಳ್ಳು ಬೀರಲು ನಮ್ಮ ನಡುಮನೆಯಲ್ಲಿ ಸೇರಿದ್ದರು. ತಟ್ಟೆಗಳ ತುಂಬ ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಕಾಯಿ ಬೀಜ, ಹುರಿಗಡಲೆ.

"ನಾನಂತೂ ಒಂದೊಂದು ಕೊಬ್ಬರಿ ಚೂರನ್ನೂ ಕೈಯಾರೆ ಹೆಚ್ಚಿದ್ದು! ಬೇರೆಯವರ ಮನೇದು ಒಂದು ಕಾಳೂ ಸೇರಿಲ್ಲ," ಎಂದಳು ಕುಮುದಾಕ್ಷಿ.

"ನಾವೂ ಅಷ್ಟೇ!" ಎಂದೆವು ಎಲ್ಲರೂ, ಒಂದೇ ಉಸಿರಿಗೆ.

ಒಳಗೆ ಇವರು ಗುಂಡಿ ಒತ್ತಿದರು. 'ಗಾಣದೆತ್ತಿಗೆ ಬಂದ ಕಾಯಿಲೆ ಯಾವುದು?' ಎಂಬ ಪ್ರಶ್ನೆಯ ಕೆಳಗೆ 'ತಲೆಸುತ್ತು' ಎಂದು ಮೂಡಿತು. ಆದರೆ ಬೆಳಕು ಅಲ್ಲಿಗೆ ನಿಲ್ಲದೆ ಬಾಗಿಲು ದಾಟಿ ನಡುಮನೆಗೆ ಬಂತು. ಮೊದಲು ಎಲ್ಲರ ಕೈಯಲ್ಲಿದ್ದ ಕಾಫಿ ಬೇರ್ಪಟ್ಟಿತು! ಮೇಲೆ ಹಾಲು, ಕೆಳಗೆ ಡಿಕಾಕ್ಷನ್, ತಳದಲ್ಲಿ ಒಣ ಸಕ್ಕರೆ. ಆಮೇಲೆ ತಟ್ಟೆಗಳಲ್ಲಿ ಎಳ್ಳು ಒಂದು ಗುಡ್ಡೆ, ಬೆಲ್ಲ ಒಂದು ಗುಡ್ಡೆ.

"ರೀ, ಆರಿಸ್ರೀ ಅದನ್ನ!"

"ಗುಂಡಿ ಕೈಗೇ ಬಂದ್ಬಿಡ್ತು ಕಣೇ!"

ಅಷ್ಟರಲ್ಲಿ ಗುಡ್ಡೆಗಳು ಎದ್ದವು. ಅದರದರ ಜಾಗಕ್ಕೆ ಕಳಿಸುತ್ತದೆ ಎಂದಿದ್ದರಲ್ಲ, ಹಾಗೇ ಕಳಿಸಿತು! ಒಬ್ಬರು ಕೊಟ್ಟ ಎಳ್ಳನ್ನು ಡಬ್ಬಿಗೆ ಸುರಿದುಕೊಂಡು ಇನ್ನೊಬ್ಬರಿಗೆ ಬೀರುವುದು ನಮ್ಮ ಬೀದಿಯಲ್ಲಿ ಎಲ್ಲರೂ ಮಾಡುವುದೇ, ಯಾರೂ ಹೇಳದ್ದು. ಈಗ ಒಂದೊಂದು ಕಾಳೂ ತಾನು ಹುಟ್ಟಿದ ಮನೆಯನ್ನು ಹುಡುಕಿಕೊಂಡು ಕಿಟಕಿಯಿಂದ ಹಾರಿತು. ನನ್ನ ತಟ್ಟೆಯಲ್ಲಿ ಕಡಲೆಕಾಯಿ ಬೀಜ ಮಾತ್ರ ಉಳಿಯಿತು. ಕುಮುದಾಕ್ಷಿಯ ತಟ್ಟೆ ತೊಳೆದಿಟ್ಟ ಹಾಗಿತ್ತು!

"ನನ್ನ ಕೊಬ್ಬರಿ ನಿಮ್ಮ ತಟ್ಟೇಲಿ ಹೆಂಗ್ ಬಂತ್ರೀ?"

"ನಿಮ್ಮ ಬೆಲ್ಲ ಅಂದ್ರಲ್ಲ, ಅದು ನಮ್ಮನೆ ಕಡೆ ಹಾರ್ತಾ ಐತೆ, ನೋಡ್ರೀ!"

ಎಲ್ಲರೂ ತಮ್ಮ ತಮ್ಮ ಎಳ್ಳಿನ ಹಿಂದೆ ಬೀದಿಗೆ ಓಡಿದರು. ಕುಮುದಾಕ್ಷಿ ಮಾತ್ರ ಖಾಲಿ ತಟ್ಟೆಯನ್ನು ಸೆರಗಿನಲ್ಲಿ ಬಚ್ಚಿಡುತ್ತಿದ್ದಳು. ನನಗೆ ತಟ್ಟನೆ ಹೊಳೆಯಿತು. ಇವತ್ತು ಅವಳು ಫೋನ್ ಮಾಡಿಲ್ಲ! ಹೋಗಿ ನಂಬರ್ ಒತ್ತಿ, "ತಲೆಸುತ್ತು! ವನಮಾಲಾ!" ಎಂದು ಕೂಗಿದೆ. ನೀವೇ ಮೊದಲು ಎಂದರು ಪೇಪರಿನವರು. ನನಗೆ ಕುಣಿಯಬೇಕೆನಿಸಿತು, ಕುಣಿದೆ ಕೂಡ.

ಆಮೇಲೆ ಗೋಡೆಯ ಕನ್ನಡಿ ಕಿತ್ತು ಯಂತ್ರದ ಮುಂದೆ ಹಿಡಿದೆ. ತನ್ನ ಬೆಳಕು ತನಗೇ ಬಡಿದು ಯಂತ್ರ ಬಿಚ್ಚಿಕೊಂಡಿತು. ಡೈನಮೋ ಸೈಕಲ್ಲಿಗೆ, ಮೋಟಾರು ಮಿಕ್ಸಿಗೆ, ರೇಡಿಯೋದ ಹೊಟ್ಟೆ ಯಾವುದೋ ಗಿರಾಕಿಯ ಮನೆಗೆ ಹಾರಿ ಹೋದವು.

"ನನ್ನ ಯಂತ್ರ!" ಎಂದರು ಇವರು.

"ನನ್ನ ಮಿಕ್ಸಿ!" ಎಂದೆ ನಾನು.

ಮರುದಿನ ಬೆಳಿಗ್ಗೆ ಕನ್ನಡಕವನ್ನು ಮೊದಲೇ ಹಾಕಿಕೊಂಡು ಪೇಪರಿಗೆ ಕಾದೆ. ಬಂತು. ಬಿಡಿಸಿದರೆ ಪುಟದ ತುಂಬ ಅ ಅ ಅ ಆ ಆ ಇ ಈ! ವಿಜೇತರ ಚೌಕದಲ್ಲಿ 'ಶ್ರೀಮತಿ ವನಮಾಲಾ' ಇರಬೇಕಾದ ಜಾಗದಲ್ಲಿ 'ತಿನಮಮಾಲಾವಶ್ರೀ'!

"ಯಂತ್ರದ ಬುದ್ಧಿ ಬಿಚ್ಚಿಹೋಯ್ತು, ಬೆಳಕಿನ ಪಸೆ ಮಾತ್ರ ಬೀದೀಲಿ ಉಳ್ಕೊಂಡಿದೆ," ಎಂದರು ಇವರು, ದೂರದಲ್ಲಿ ನಿಂತು. "ಪಾಪ, ಅದಕ್ಕೀಗ ಗೊತ್ತಿರೋದು ವರ್ಣಮಾಲೆ ಒಂದೇ."

ನಾನು ಅಳಬೇಕೋ ಲಟ್ಟಣಿಗೆ ಹುಡುಕಬೇಕೋ ಎಂದು ಯೋಚಿಸುವಷ್ಟರಲ್ಲಿ ಕುಮುದಾಕ್ಷಿ ಗೇಟಿಗೆ ಬಂದಳು. ಮುಖ ಅರಳಿತ್ತು.

"ಇವತ್ತು ಇಡೀ ಪೇಪರೇ ಗೋಜಲು ಕೊಟ್ಟವ್ರೆ ಕಣ್ರೀ! ನಾನು ಚಿಕ್ಕ ಚೌಕ ಬಿಡಿಸಿ ಆಗ್ಲೇ ಫೋನ್ ಮಾಡ್ದೆ. ಉತ್ತರ ಏನ್ಗೊತ್ತಾ? ನಿಮ್ಮ ಹೆಸರು! ಬಲು ಸುಲಭ!"

ನಮ್ಮ ಬೀದಿಯ ಪೇಪರು ಮಾತ್ರ ಹೀಗೆ ಕಲಸಿಹೋದದ್ದು ತಿಳಿಯದ ಪೇಪರಿನವರಿಗೆ ಆದ ಖುಷಿ ಅಷ್ಟಿಷ್ಟಲ್ಲ. ಅದರ ಮರುದಿನ, ಪಸೆಯೆಲ್ಲ ಆರಿದ ಮೇಲೆ ಬಂದ ಪೇಪರಿನಲ್ಲಿ 'ಕೇಳದ ಪ್ರಶ್ನೆಗೂ ಉತ್ತರ ಕೊಟ್ಟ ಓದುಗಿ' ಎಂದು ಕುಮುದಾಕ್ಷಿಯ ಫೋಟೋ ಹಾಕಿದ್ದರು. ಅಕ್ಷರಗಳೆಲ್ಲ ನೆಟ್ಟಗಿದ್ದವು.

ಮಿಕ್ಸಿ ಮಾತ್ರ ಚೆನ್ನಾಗಿ ನಡೆಯುತ್ತಿದೆ.