ಅಕ್ಷರ ಕೇಳಲು ಹೋಗಿ ಸೌಂಡು ಪಡೆದದ್ದು

ಕಿವಿ ಮಂದವಾದವನಿಗೆ ಲೋಕ ಮಾಡುವ ಉಪಕಾರ ಒಂದೇ: ಕೂಗುವುದು. ಮಾಸ್ತರಿಕೆಯಿಂದ ನಿವೃತ್ತಿಯಾದಾಗಿನಿಂದ ನನ್ನ ಸುತ್ತ ಎಲ್ಲರೂ ಕೂಗುತ್ತಲೇ ಇದ್ದಾರೆ. ಹೆಂಡತಿ ಮೊದಲೂ ಕೂಗುತ್ತಿದ್ದಳು. ಈಗ ಅದಕ್ಕೊಂದು ಕಾರಣ ಸಿಕ್ಕಿದೆ, ಅಷ್ಟೇ.

ರಾಮದುರ್ಗದಲ್ಲಿ ನಮ್ಮ ಪಕ್ಕದ ಮನೆಯ ಶಬಾನಾಗೆ ಹುಟ್ಟಿನಿಂದಲೇ ಕಿವಿ ಕೇಳದು. ಬ್ಲೌಸು ಹೊಲಿಯುತ್ತಾಳೆ, ಎದುರಿನವರ ತುಟಿ ನೋಡಿ ಮಾತು ತಿಳಿಯುತ್ತಾಳೆ. ಸಿನಿಮಾ ಎಂದರೆ ಪ್ರಾಣ. ಆದರೆ ನಮ್ಮ ನಾಯಕರು ಮುಖ್ಯವಾದ ಮಾತನ್ನೆಲ್ಲ ಬೆನ್ನು ತಿರುಗಿಸಿಯೇ ಆಡುತ್ತಾರೆ. ಡಬ್ಬಿಂಗ್ ಚಿತ್ರವಾದರಂತೂ ತುಟಿ ಒಂದು ಭಾಷೆ, ಮಾತು ಇನ್ನೊಂದು. ಮಂದಿ ನಕ್ಕಾಗ ಆಕೆಯೂ ನಗುತ್ತಾಳೆ, ಸ್ವಲ್ಪ ತಡವಾಗಿ.

ಹೊಸ ಚಿತ್ರಕ್ಕೆ ತೆರೆಯ ಕೆಳಗೆ ಕನ್ನಡ ಅಕ್ಷರ ಮೂಡುವ ಪ್ರತಿಯೂ ಇದೆಯಂತೆ, ಟಾಕೀಸಿನವರು ಕೇಳಿದರೆ ವಿತರಕರು ಕಳಿಸುತ್ತಾರಂತೆ. ‘ಕಾಕಾ, ಮ್ಯಾನೇಜರ್ ನಿಮ್ಮ ಕಡೆ ಕಲಿತವ್ರು. ನೀವ ಹೇಳ್ರಿ’ ಎಂದು ಶಬಾನಾ ಮೊಬೈಲಿನಲ್ಲಿ ಬರೆದು ತೋರಿಸಿದಳು. ಇಬ್ಬರೂ ಹೋದೆವು.

“ಅಕ್ಷರ ಹಾಕಿದ್ರ ಮಂದಿ ಸಿನಿಮಾ ಬಿಟ್ಟು ಓದಾಕ ಹತ್ತತಾರ್ರಿ ಸರ್,” ಎಂದ ಶಿಷ್ಯ. “ಕೇಳಸೂದಿಲ್ಲ ಅಂದ್ರ ನನಗ ಬಿಡ್ರಿ. ಶುಕ್ರವಾರ ಇಬ್ರೂ ಬರ್ರಿ.”

ಶುಕ್ರವಾರ ಅವನು ಸೌಂಡು ಏರಿಸಿದ. ಖುರ್ಚಿ ನಡುಗಿತು. ನನ್ನ ಶ್ರವಣಯಂತ್ರ ಕುಯ್ಯೆಂದು ಅರಚಿತು. ತೆಗೆದು ಜೇಬಿಗೆ ಹಾಕಿಕೊಂಡೆ. ಕಿವಿ ನೆಟ್ಟಗಿದ್ದವರೂ ಕಿವಿ ಮುಚ್ಚಿಕೊಂಡು ಕೂತರು. ಕಿವುಡರಿಗೆ ಅನುಕೂಲ ಮಾಡಲು ಹೋಗಿ ಊರನ್ನೇ ಕಿವುಡು ಮಾಡುವ ಈ ಜನಕ್ಕೆ ಏನನ್ನು ಹೇಗೆ ತಿಳಿಸುವುದೋ ನನಗಂತೂ ಗೊತ್ತಿಲ್ಲ. ಶಬಾನಾ ಅಕ್ಷರವಿಲ್ಲದ ತೆರೆಯ ಕೆಳಭಾಗವನ್ನು ಬೆರಳು ಮಾಡಿ ತೋರಿಸಿದಳು.

ಮಧ್ಯಂತರದಲ್ಲಿ ಹೇಳಿಯೇಬಿಡುತ್ತೇನೆಂದು ಆಕೆಯನ್ನು ಕರೆದುಕೊಂಡು ಹೊರಬಂದೆ. ಶಿಷ್ಯ ಗಿರಮಿಟ್ಟು, ಮಿರ್ಚಿ ಭಜಿ, ಚಹಾ ಹಿಡಿದು ತಾನೇ ಎದುರು ಬಂದ. ನಮ್ಮ ಕಡೆ ತಟ್ಟೆ ಹಿಡಿದು ನಿಂತವನ ಮೇಲೆ ತಕರಾರು ಹೇಳುವ ಪದ್ಧತಿಯಿಲ್ಲ. ಒಂದು ಭಜಿ ತಿಂದ ಮೇಲಂತೂ ಮುಗಿದೇ ಹೋಯಿತು. ನಾನು ತಿಂದೆ. ಅವನು ನನ್ನ ಕಿವಿಗೆ ಬಾಯಿ ಹಚ್ಚಿ ಕೂಗಿದ: “ಈಗ ಕೇಳಸ್ತೈತ್ರಿ ಸರ್?”

“ಭಾಳ ಚಲೋ ಕೇಳಸ್ತೈತಪಾ,” ಎಂದೆ.

“ಮತ್ತ ಅಕ್ಷರದ ಮಾತ ಬಿಡೂಣಲ್ರಿ?”

“ಬಿಡೂಣು.”

ಅವನು ಖುಷಿಯಿಂದ ಹೋದ. ತಿರುಗಿದರೆ ಶಬಾನಾ ನನ್ನ ಬಾಯನ್ನೇ ನೋಡುತ್ತ ನಿಂತಿದ್ದಳು. ಗಡಿಬಿಡಿಯಲ್ಲಿ ಚಹಾದ ಕಪ್ಪು ಅಡ್ಡ ಹಿಡಿದೆ. ತಡವಾಗಿತ್ತು. ಅಂದು ಆ ಟಾಕೀಸಿನಲ್ಲಿ ಆಕೆಗೆ ಪೂರ್ತಿ ತಿಳಿದ ಮಾತು ನನ್ನದೊಂದೇ.