ಅತ್ತೆಯವರಿಗೆ ನಾನು ಬಿಡಿಸಿ ಹೇಳಿದ ತೆಲುಗು ಸಿನಿಮಾ

ನನಗೆ ತೆಲುಗು ನೀರು ಕುಡಿದಂತೆ ಎಂದು ಮದುವೆಯಾದಾಗಿನಿಂದ ಹೇಳಿಕೊಂಡು ಬಂದಿದ್ದೇನೆ. ನನ್ನದು ಕನ್ನಡಕದ ಅಂಗಡಿ. ಕಣ್ಣು ಪರೀಕ್ಷೆಗೆ ಗೋಡೆಯ ಮೇಲೆ ತೆಲುಗು ಅಕ್ಷರಗಳ ಹಲಗೆಯೂ ಇದೆ. ತಲೆಕಟ್ಟು ಬದಲಾಯಿಸಿದರೆ ಕನ್ನಡವೇ ತೆಲುಗಾಗುತ್ತದೆ ಎಂಬುದು ನನ್ನ ಸ್ವಂತ ಸಂಶೋಧನೆ.

ಇದನ್ನು ನಂಬಿ ನಾದಿನಿ ಒಂದು ಭಾನುವಾರ ಗುಟ್ಟಾಗಿ ನನ್ನ ಹತ್ತಿರ ಬಂದಳು. ಅವಳಿಗೆ ಆಫೀಸಿನ ಸಹೋದ್ಯೋಗಿಯ ಮೇಲೆ ಮನಸ್ಸು. ಅತ್ತೆಯವರೋ ಅವಳನ್ನು ಹಳೆಯ ಗೆಳತಿಯ ಮಗನಿಗೆ ಕೊಡುವುದಾಗಿ ಎಂದೋ ಮಾತು ಕೊಟ್ಟಿದ್ದರು.

"ಭಾವ, ಮಧ್ಯಾಹ್ನ ಟಿವಿಯಲ್ಲಿ ಒಂದು ತೆಲುಗು ಸಿನಿಮಾ ಇದೆ. ಥೇಟ್ ನನ್ನದೇ ಕಥೆ. ಅಮ್ಮನಿಗೆ ಅರ್ಥ ಮಾಡಿಸ್ತೀರಾ?"

"ಮೂರು ಗಂಟೆ ಟೈಮ್ ಕೊಡು. ಅವರ ಬಾಯಿಂದಲೇ ಹೂಂ ಅನ್ನಿಸ್ತೀನಿ."

ಮಧ್ಯಾಹ್ನ ಅತ್ತೆಯವರು, ಹೆಂಡತಿ, ನಾದಿನಿ, ನಾನು ಟಿವಿ ಮುಂದೆ ಕೂತೆವು. ಸಿನಿಮಾದಲ್ಲಿ ಮೊಮ್ಮಗ ಬೇಕರಿ ಹುಡುಗಿಯನ್ನು ಪ್ರೀತಿಸುತ್ತಾನೆ. ತಾತ ಮಾತ್ರ ತನ್ನ ಸ್ನೇಹಿತನ ಮೊಮ್ಮಗಳನ್ನೇ ತರಬೇಕೆಂದು ಹಟ ಹಿಡಿದಿದ್ದಾನೆ. ವಿಷಯ ಗೊತ್ತಾದ ತಾತ ಗುಡುಗಿದ.

"ಅತ್ತೆ, ನಿನ್ನ ಇಷ್ಟವೇ ನನ್ನ ಇಷ್ಟ ಅಂತಿದ್ದಾನೆ ತಾತ," ಎಂದೆ.

ತಾತ ಮೊಮ್ಮಗನ ಕೆನ್ನೆಗೆ ಬಾರಿಸಿದ.

"ಮತ್ತೆ ಹೊಡೆದಿದ್ದು ಯಾಕ್ರೀ?" ಹೆಂಡತಿ ಕೇಳಿದಳು.

"ಪ್ರೀತಿ ಉಕ್ಕಿ ಬಂತು ಕಣೆ."

ತಾತ ಹೂದಾನಿ ಒಡೆದ. ಖುಷಿಗೆ ಎಂದೆ. ಆಮೇಲೆ ಎದೆ ಹಿಡಿದುಕೊಂಡು ದೊಪ್ಪನೆ ಬಿದ್ದ.

"ಇದೂ ಖುಷಿಗೇನಾ ಅಳಿಯಂದಿರೇ?" ಅತ್ತೆಯವರು ಮೊದಲ ಬಾರಿಗೆ ಬಾಯಿ ಬಿಟ್ಟರು.

"ಜಾಸ್ತಿಯಾದ್ರೆ ಹೀಗೇ ಆಗೋದು ಅತ್ತೆ."

ನಾದಿನಿ ತಲೆ ಮೇಲೆ ಕೈ ಹೊತ್ತಳು. ಆಸ್ಪತ್ರೆಯಲ್ಲಿ ಅಜ್ಜಿ ತಾತನ ಪಕ್ಕ ಕೂತು ಮೆಲ್ಲಗೆ ಏನೋ ಹೇಳಿದಳು. ನನಗೆ ಒಂದಕ್ಷರ ತಿಳಿಯಲಿಲ್ಲ. "ಮಾತ್ರೆ ನುಂಗಿ ಅಂತಿದ್ದಾಳೆ," ಎಂದುಬಿಟ್ಟೆ. ಅತ್ತೆಯವರು ಕಣ್ಣೊರೆಸಿಕೊಂಡರು. ಮಾತ್ರೆಗೆ ಇಷ್ಟು ಅಳು ಯಾಕೆಂದು ನನಗೆ ಹೊಳೆಯಲಿಲ್ಲ.

ಸಿನಿಮಾ ಮುಗಿಯಿತು. ಅತ್ತೆಯವರು ಟಿವಿ ಆರಿಸಿದರು.

"ಅಜ್ಜಿ ಮಾತ್ರೆ ಸುದ್ದಿಯೇ ಎತ್ತಲಿಲ್ಲ ಅಳಿಯಂದಿರೇ. ಮಾತು ಕೊಟ್ಟೋರು ನೀವು, ಅದಕ್ಕೆ ಮಗೂನ ಯಾಕೆ ಕೊಡ್ತೀರಿ ಅಂದಳು."



"ಅಮ್ಮ, ನಿನಗೆ ತೆಲುಗು ಬರುತ್ತಾ?" ಹೆಣ್ಣುಮಕ್ಕಳಿಬ್ಬರೂ ಒಟ್ಟಿಗೆ ಕೇಳಿದರು.

"ಮದುವೆಗೆ ಮುಂಚೆ ಎಂಟು ವರ್ಷ ಟೆಲಿಫೋನ್ ಎಕ್ಸ್‌ಚೇಂಜಲ್ಲಿ ತೆಲುಗಿನೋರಿಗೇ ಲೈನ್ ಕೊಡ್ತಿದ್ದೆ. ಕೇಳಿಸಿಕೊಂಡೂ ಸುಮ್ಮನಿರೋದೇ ಆ ಕೆಲಸ."

ನನ್ನ ಮುಖ ಎಲ್ಲಿಡಲಿ? ಎದ್ದು ಅಡುಗೆಮನೆಗೆ ಜಾರಬೇಕೆನ್ನುವಷ್ಟರಲ್ಲಿ ಅವರು ಫೋನ್ ತೆಗೆದು ಗೆಳತಿಗೆ ಕರೆ ಮಾಡಿದರು.

"ಇವಳನ್ನ ಒಂದು ಮಾತು ಕೇಳದೆ ಒಪ್ಪಿಕೊಂಡಿದ್ದು ನನ್ನ ತಪ್ಪು ಕಣೆ. ಬೈಯೋದಾದ್ರೆ ನನ್ನ ಬೈ."

ಆ ಕಡೆಯಿಂದ ಬೈಗುಳ ಹತ್ತು ನಿಮಿಷ ಹರಿಯಿತು. ಅತ್ತೆಯವರು ಕೇಳಿಸಿಕೊಂಡು ಸುಮ್ಮನಿದ್ದರು. ಫೋನಿಟ್ಟಾಗ ನಾದಿನಿ ಅವರ ಮಡಿಲಲ್ಲಿ ಮುಖವಿಟ್ಟು ಅಳುತ್ತಿದ್ದಳು.

ನನಗೂ ಸ್ವಲ್ಪ ಜೀವ ಬಂತು. "ಅಂತೂ ನಾನು ಹೇಳಿದ ಹಾಗೇ ಆಯ್ತಲ್ಲ," ಎಂದೆ.

ಅತ್ತೆಯವರು ನನ್ನತ್ತ ನೋಡದೆ ಹೆಂಡತಿಗೆ ಹೇಳಿದರು: "ಬರೋ ವಾರ ಹುಡುಗನ ಮನೆಗೆ ಹೋಗಿ ಮಾತಾಡೋಣ. ಅಳಿಯಂದಿರೂ ಬರಲಿ. ಆದ್ರೆ ಬಾಯಿ ತೆರೀಬಾರದು."

"ಹುಡುಗನ ಮನೆಯೋರು ಕನ್ನಡದೋರೇ ಅಮ್ಮ," ಎಂದು ಹೆಂಡತಿ ನನ್ನ ಪರ ನಿಂತಳು.

"ಕನ್ನಡದಲ್ಲೂ ಬೇಡ."