ಪಿನ್‌ಬಾಲ್ ಮಷಿನ್ನಿಗೆ ಹೊಸ ಬೀಗ ಹಾಕಿದ್ದು

ದಾವಣಗೆರೆ ಹಳೇ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಬೀಗ ರಿಪೇರಿ ಅಂಗಡಿ. ಅಂಗಡಿ ಅಂದರೆ ಒಂದು ತಗಡಿನ ಡಬ್ಬ, ಅದರೊಳಗೆ ನಾನು ಮತ್ತು ಕೀ ಕೊರೆಯುವ ಮಷಿನ್. ಬೀಗಗಳು ಪಾಪ, ಅಷ್ಟಾಗಿ ಕೆಡುವುದಿಲ್ಲ. ಬೀಗದ ಮುಂದೆ ನಿಂತವರ ತಲೆಯೇ ವಾರಕ್ಕೊಂದು ಸಲ ಕೆಡುತ್ತದೆ.

ಜ್ವಾಪಾನ

ಆವರಗೆರೆಯಿಂದ ಒಬ್ಬರು ಟೀಚರಮ್ಮ ಫೋನ್ ಮಾಡಿದರು. ಬೀರುವಿನ ಕೀ ಕಳೆದಿದೆ, ಮಧ್ಯಾಹ್ನ ಮದುವೆಗೆ ಹೋಗಬೇಕು, ಉಡುವ ಸೀರೆ ಒಳಗಿದೆ. ಹೋಗಿ ಕಾಲು ಗಂಟೆಯಲ್ಲಿ ತೆಗೆದೆ. ಹಳೇ ಬೀಗ ಸವೆದಿತ್ತು. ಹೊಸದು ಹಾಕಿದೆ, ಬಾಗಿಲು ಒತ್ತಿದರೆ ತಾನೇ ಬೀಗ ಬೀಳುವಂಥದ್ದು. ಎರಡೂ ಕೀ ಕೈಗೆ ಕೊಟ್ಟು, "ಈ ಸಲನಾದ್ರೂ ಜ್ವಾಪಾನವಾಗಿ ಇಡ್ರಿ ಮೇಡಂ" ಅಂದೆ.

"ಇಡ್ತೀನಿ ಬಿಡ್ರಿ. ದಿನಾ ಮಕ್ಳಿಗೆ ನಾ ಹೇಳೋದೇ ಅದು."

ನಾನು ಹೊರಗೆ ಚಪ್ಪಲಿ ಮೆಟ್ಟುತ್ತಿದ್ದೆ. ಒಳಗೆ ಟಪ್ ಅಂತ ಸದ್ದಾಯಿತು. ಆಮೇಲೆ ಮೆತ್ತಗೆ ಒಂದು ದನಿ: "ಸಾಬ್ರೇ... ಹೋದ್ರಾ?"

ಎರಡೂ ಕೀಗಳನ್ನು ಬೀರುವಿನೊಳಗೇ ಭದ್ರವಾಗಿಟ್ಟು ಬಾಗಿಲು ಒತ್ತಿದ್ದರು. ಸೀರೆಯನ್ನೂ ಇನ್ನೂ ಹೊರಗೆ ತೆಗೆದಿರಲಿಲ್ಲ.

ಬೀಗ ತಂದವರು

ಮಲೆಬೆನ್ನೂರಿನ ಭತ್ತದ ವ್ಯಾಪಾರಿಯೊಬ್ಬರು, "ಗೋದಾಮಿನ ಬೀಗ ತೆಗೀವಲ್ದು, ಬರ್ರಿ" ಎಂದು ಫೋನ್ ಮಾಡಿದರು. ಅವತ್ತು ಅಂಗಡಿಯಲ್ಲಿ ಜನ ಜಾಸ್ತಿ. "ಅಷ್ಟು ದೂರ ಆಗಂಗಿಲ್ರಿ, ಬೀಗ ಇಲ್ಲಿಗೇ ತಂದ್ಬಿಡ್ರಿ" ಅಂದೆ. ಚಿಲಕದ ಸಮೇತ ಬಿಚ್ಚಿ ತರುತ್ತಾರೆ ಅಂದುಕೊಂಡಿದ್ದೆ.

ಮೂರು ಗಂಟೆಗೆ ಅಂಗಡಿ ಮುಂದೆ ಟ್ರಾಕ್ಟರ್ ಬಂದು ನಿಂತಿತು. ಹಿಂದಿನ ಟ್ರೇಲರಿನಲ್ಲಿ ಗೋದಾಮಿನ ಬಾಗಿಲು ಅಂಗಾತ ಮಲಗಿತ್ತು. ಬೀಗ ಮರದೊಳಗೇ ಕೂತಿರುವಂಥದ್ದು. ಬಿಜಾಗರಿಗಳು ಹೊರಗಡೆ ಇದ್ದವಂತೆ, ಅವನ್ನು ಬಿಚ್ಚಿ ಇಡೀ ಬಾಗಿಲನ್ನೇ ಹೇರಿಕೊಂಡು ಬಂದಿದ್ದರು.

"ಅಲ್ರೀ, ಬಾಗಿಲೇ ಕಿತ್ತ ಮ್ಯಾಲೆ ಗೋದಾಮು ತೆಗೆದಂಗೇ ಆತಲ್ಲ?"

ಅವರು ಟ್ರಾಕ್ಟರಿನಿಂದ ಇಳಿಯದೆ ಯೋಚನೆ ಮಾಡಿದರು. "ಹೌದು ನೋಡ್ರಿ. ಆದ್ರೆ ನೀವು ಬೀಗ ತರ್ರಿ ಅಂದ್ರಲ್ಲ."

"ಈಗ ಭತ್ತ ಯಾರಾದ್ರೂ ಹೊತ್ಕೊಂಡು ಹೋದ್ರೆ?"

"ಹೆಂಗೆ ಹೋಗ್ತಾರ್ರಿ? ನಮ್ಮ ಮಾವನ್ನ ನಿಲ್ಸಿ ಬಂದೀನಿ. ಅವರೂ ಬಾಗ್ಲಿನಷ್ಟೇ ಅಗಲ ಅದಾರ."

ಹರಿಹರದ ಇಲಿ

ಹರಿಹರದಲ್ಲಿ ಕಾರ್ಖಾನೆಯಿಂದ ರಿಟೈರಾದ ಯಜಮಾನರೊಬ್ಬರಿದ್ದಾರೆ. ಯಾವುದೋ ಮುಚ್ಚಿದ ಕ್ಲಬ್ಬಿನಿಂದ ಹಳೇ ಪಿನ್‌ಬಾಲ್ ಮಷಿನ್ ಒಂದನ್ನು ಕೊಂಡು ತಂದು, ತಾವೇ ತಂತಿ ಬೆಸೆದು ಓಡುವಂತೆ ಮಾಡಿದ್ದರು. ಗಾಜಿನ ಕೆಳಗೆ ಉಕ್ಕಿನ ಗುಂಡು ಓಡಾಡುತ್ತದೆ. ಅದು ಕೆಳಗೆ ಬೀಳದಂತೆ ಎರಡು ಕಡೆಯ ಬಟನ್ ಒತ್ತಿ ಹೊಡೆಯುತ್ತಿರಬೇಕು. ಹೊಡೆದಷ್ಟು ಅಂಕ ಮುಂದಿನ ಚಕ್ರಗಳಲ್ಲಿ ತಿರುಗಿ ನಿಲ್ಲುತ್ತದೆ. ಕಾಸು ಹಾಕುವ ಪುಟ್ಟ ಬಾಗಿಲು ತೆಗೆದು ಒಳಗಿನ ತಂತಿ ಒತ್ತಿದರಷ್ಟೇ ಆಟ ಶುರು. ಆ ಬಾಗಿಲಿನ ಕೀ ಕಳೆದು ಒಂದು ತಿಂಗಳಾಗಿತ್ತು.

ನಾನು ಹೋದಾಗ ಯಜಮಾನರ ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಇಲಿ ಬೋನು.

"ಸಾಬ್ರೇ, ಬೀಗ ಹಾಕೇ ಐತೆ, ನಾ ಆಡಿಲ್ಲ. ಆದ್ರೂ ವಾಕಿಂಗ್ ಮುಗಿಸಿ ಬಂದು ನೋಡಿದ್ರೆ ದಿನಾ ಅಂಕ ಬದಲಾಗಿರ್ತಾವು. ಒಳಗೆ ಇಲಿ ಸೇರೈತೆ. ತಂತಿ ಕಡಿದ್ರೆ ನನ್ನ ಎರಡು ವರ್ಷದ ಕೆಲಸ ಹಾಳು!"

ನಾನು ಬೀಗಕ್ಕೆ ಡ್ರಿಲ್ ಇಟ್ಟಾಗ ಯಜಮಾನರು ತಮ್ಮ ಹಲ್ಲಿಗೇ ಇಟ್ಟಂತೆ ಕಣ್ಣು ಮುಚ್ಚಿಕೊಂಡರು. ಬೀಗ ಬಿಚ್ಚಿ ಬಂತು. ಅವರು ಕೋಲು ಎತ್ತಿದರು, ನಾನು ಬ್ಯಾಟರಿ ಬೆಳಕು ಬಿಟ್ಟೆ. ಇಲಿಯೂ ಇಲ್ಲ, ಹಿಕ್ಕೆಯೂ ಇಲ್ಲ. ಒಳಗೆ ಧೂಳು ಕೂಡ ಇರಲಿಲ್ಲ. ಯಾರೋ ಒರೆಸಿದಂತಿತ್ತು.

ಹೊಸ ಬೀಗ ಕೂರಿಸಿದೆ. "ಒಂದಾಟ ಆಡಿ ನೋಡೋಣ" ಎಂದು ಯಜಮಾನರು ತಂತಿ ಒತ್ತಿ ಗುಂಡು ಬಿಟ್ಟರು. ಟಣ್ ಟಣ್ ಅಂತ ಬಡಿದಾಡಿ ಅದು ಎಡಕ್ಕೆ ಜಾರತೊಡಗಿತು. ಅಷ್ಟರಲ್ಲಿ ಅವರ ಹೆಂಡತಿ ಚಹಾ ಹಿಡಿದು ಒಳಗಿಂದ ಬಂದರು. ಗುಂಡು ನೋಡಿದ್ದೇ ತಡ, ಕೂಗಿಬಿಟ್ಟರು:

"ಈಗ್ಲೇ ಒತ್ತಬ್ಯಾಡ್ರೀ! ತುದಿಗೆ ಬರ್ಲಿ... ಹಾಂ, ಈಗ ಒತ್ರಿ!"

ಯಜಮಾನರು ಗಾಬರಿಯಲ್ಲಿ ಅವರು ಹೇಳಿದಂತೆಯೇ ಒತ್ತಿದರು. ಗುಂಡು ಮೇಲಕ್ಕೆ ಹಾರಿ ಎಲ್ಲ ಗಂಟೆಗಳನ್ನೂ ಬಾರಿಸಿತು. ಅದು ಇಳಿದು ಬರುವಷ್ಟರಲ್ಲಿ ಯಜಮಾನರು ಮಷಿನ್ ಬಿಟ್ಟು ಹಿಂದಕ್ಕೆ ತಿರುಗಿದ್ದರು.

"ನಿನಗೆ ಹೆಂಗೆ ಗೊತ್ತು?"

ಆ ಅಮ್ಮ ಚಹಾ ಕೆಳಗಿಟ್ಟು, ಅಡುಗೆಮನೆಗೆ ಹೋಗಿ, ಸಕ್ಕರೆ ಡಬ್ಬಿಯಿಂದ ಹಳೇ ಕೀ ತಂದು ಮಷಿನ್ ಮೇಲಿಟ್ಟರು. "ಮತ್ತೇನು ಮಾಡ್ಲಿ? ಮುಟ್ಟಬ್ಯಾಡ, ನಿನಗೆ ತಿಳಿಯಂಗಿಲ್ಲ ಅಂತಿದ್ರಲ್ಲ. ನೀವು ವಾಕಿಂಗ್ ಹೋದಾಗ ತಿಳ್ಕೊಂಡೆ."

ನಾನು ಸ್ಕ್ರೂಡ್ರೈವರ್ ಚೀಲಕ್ಕೆ ಹಾಕುತ್ತಾ ನೆಲ ನೋಡಿದೆ. ಜಗಳ ಆಗುತ್ತದೆ ಅಂತಲೇ ಅಂದುಕೊಂಡೆ. ಯಜಮಾನರು ಕೋಲು ಮೂಲೆಗಿಟ್ಟರು. "ಆಡು ನೋಡೋಣ" ಅಂದರು.

ಅಮ್ಮ ಸೆರಗು ಸಿಕ್ಕಿಸಿಕೊಂಡು ನಿಂತರು. ನನ್ನ ಚಹಾ ಮುಗಿಯುವಷ್ಟರಲ್ಲಿ ಯಜಮಾನರ ಅಂಕ ಹಿಂದೆ ಬಿತ್ತು. ಅವರ ಚಹಾ ತಣ್ಣಗಾಗುವಷ್ಟರಲ್ಲಿ ಅಮ್ಮನ ಅಂಕ ಅದರ ದುಪ್ಪಟ್ಟಾಯಿತು. ಯಜಮಾನರು ಬಾಯಿ ತೆರೆದುಕೊಂಡು ನೋಡುತ್ತಿದ್ದರು, ಮುಖದ ತುಂಬ ನಗು.

ಹೊಸ ಬೀಗದ ಎರಡು ಕೀಗಳನ್ನು ಅವರ ಮುಂದೆ ಹಿಡಿದು, "ಯಾರಿಗೆ ಕೊಡ್ಲಿ ಯಜಮಾನ್ರೇ?" ಅಂದೆ.

"ಎರಡೂ ಅವಳಿಗೇ ಕೊಡ್ರಿ" ಅಂದರು. "ಇನ್ಮ್ಯಾಲೆ ಇಲಿ ನಾನಾಗ್ತೀನಿ."